ಇಂಗಿನ ಗಾಳಿಯ ಕೆಮ್ಮು

ನಮ್ಮ ತಾತ ಸಾಯುವಾಗ ನನಗೆ ಬಿಟ್ಟುಹೋದದ್ದು ಒಂದು ಕೆಮ್ಮು. ಹೊಲ ಇರಲಿಲ್ಲವೇ ಎಂದು ಕೇಳಬೇಡಿ, ಇತ್ತು. ಅದನ್ನು ನಮ್ಮಪ್ಪ ಇಸ್ಪೀಟಿನಲ್ಲಿ ಕಳೆದ. ಮನೆ ಇರಲಿಲ್ಲವೇ ಎಂದರೆ ಅದೂ ಇತ್ತು, ಈಗಲೂ ಅರ್ಧ ನಿಂತಿದೆ. ಕೆಮ್ಮು ಮಾತ್ರ ಇಡಿಯಾಗಿ ನನ್ನ ಪಾಲಿಗೆ ಬಂತು. ಮೊದಲು ಗಂಟಲಲ್ಲಿ ಸಣ್ಣಗೆ ಒಂದು ಗೊರಗೊರ, ಆಮೇಲೆ ಎದೆಯಾಳದಿಂದ ಒಂದು ದಪ್ಪ ಕೆಮ್ಮು, ಕೊನೆಗೆ ಮೂಗಿನಲ್ಲಿ ಒಂದು ಉದ್ದನೆಯ ಎಳೆತ. ಆ ಎಳೆತ ಇದೆಯಲ್ಲ, ಅದನ್ನು ಕಲಿಯುವುದರಲ್ಲಿ ನನ್ನ ಹರೆಯವೆಲ್ಲ ಕಳೆದುಹೋಯಿತು. ನಾನು ಮಾಳಿಗೆ ಹತ್ತಿ ಹಾಗೆ ಕೆಮ್ಮಿದೆನೆಂದರೆ ಇಂಗಿನ ಗಾಳಿಯಲ್ಲಿ ಮಾತಾಡುತ್ತಿದ್ದವರು ಯಾರೇ ಆಗಿರಲಿ, ಸೂಲಗಿತ್ತಿಯನ್ನು ಕೂಗುತ್ತಿರಲಿ, ಸೊಸೆಯನ್ನು ಬೈಯುತ್ತಿರಲಿ, ಅಲ್ಲಿಗೇ ಬಾಯಿ ಮುಚ್ಚಿ ಬೇರೆ ಗಾಳಿ ಹುಡುಕಿಕೊಳ್ಳಬೇಕು. ಆಮೇಲೆ ನಾನು ಒಂದು ಮಾತೂ ಆಡದೆ ಕೆಳಗಿಳಿದು ಬಂದು ಕಾಫಿ ಕುಡಿದರೂ ಕೇಳುವವರಿಲ್ಲ. ಗಾಳಿ ನಮ್ಮದು.

ನಮ್ಮೂರಲ್ಲಿ ಮಾತು ಅಂಗಳ ದಾಟುವುದಿಲ್ಲ. ಎಷ್ಟೇ ಕಿರುಚಿದರೂ ಹೊಸಿಲ ಮುಂದಿನ ರಂಗೋಲಿವರೆಗೆ ಹೋಗಿ ಬಿದ್ದುಹೋಗುತ್ತದೆ. ದೂರದವರಿಗೆ ಏನಾದರೂ ಹೇಳಬೇಕೆಂದರೆ ಮಾಳಿಗೆ ಹತ್ತಿ ಒಂದು ಗಾಳಿ ಹಿಡಿಯಬೇಕು. ಹಿಂದೆ ಇದು ಸಂಬಾರದ ಪೇಟೆಯಾಗಿತ್ತಂತೆ. ಆ ಕಾಲದ ಉಗ್ರಾಣಗಳು ಊರ ಸುತ್ತ ಈಗಲೂ ನಿಂತಿವೆ: ಮೆಂತ್ಯದ್ದು, ಕಾಳುಮೆಣಸಿನದು, ಜೀರಿಗೆಯದು, ಕೊತ್ತಂಬರಿಯದು, ಮೆಣಸಿನಕಾಯಿಯದು, ಇಂಗಿನದು. ಒಳಗೆ ಹಲ್ಲಿ ಬಿಟ್ಟರೆ ಏನೂ ಇಲ್ಲ. ಆದರೆ ಜೀರಿಗೆ ಉಗ್ರಾಣದ ಕಡೆ ಮುಖ ಮಾಡಿ ಮಾತಾಡಿದರೆ ಮಾತು ಜೀರಿಗೆ ಗಾಳಿ ಹಿಡಿದು ಊರೆಲ್ಲ ಸುತ್ತುತ್ತದೆ. ಕೇಳಬೇಕಾದವರೂ ಆ ಕಡೆಗೇ ಮುಖ ಮಾಡಿ ನಿಂತಿರಬೇಕು, ಅಷ್ಟೆ. ಒಂದು ಗಾಳಿಯಲ್ಲಿ ಒಂದು ಹೊತ್ತಿಗೆ ಒಂದೇ ದನಿ. ಎರಡು ಸೇರಿದರೆ ಎರಡೂ ಕಲಸಿದ ಅನ್ನ. ಉಗ್ರಾಣದ ಒಡೆಯರೇ ಗಾಳಿಗೂ ಒಡೆಯರು. ಅವರು ಸುಮ್ಮನಿರುವಾಗ ಯಾರು ಬೇಕಾದರೂ ಬಳಸಬಹುದು. ಮೊದಲು ಕಿವಿಗೊಟ್ಟು, ಖಾಲಿ ಇದೆಯೋ ನೋಡಿಕೊಂಡು, ಆಮೇಲೆ ಬಾಯಿ ಬಿಡಬೇಕು. ಒಡೆಯ ಕೆಮ್ಮಿದರೆ ಜಾಗ ಖಾಲಿ ಮಾಡಬೇಕು. ಅವನು ಕೆಮ್ಮಿದ ಮೇಲೆ ಆ ಹೊತ್ತು ಕಳೆಯುವವರೆಗೆ ಅಲ್ಲಿ ಬೇರೆ ಯಾರೂ ಮಾತಾಡುವಂತಿಲ್ಲ, ಸ್ವತಃ ಅವನೇ ಬೇಡಿಕೊಂಡರೂ.

ಗಾಳಿ ಕೈಬದಲಾಗುವುದಕ್ಕೆ ಪತ್ರಗಿತ್ರ ಬೇಕಿಲ್ಲ. ಒಡೆಯ ಅದೇ ಗಾಳಿಯಲ್ಲಿ ನಿಂತು, ಇದು ಇನ್ನು ಇಂಥವರದ್ದು ಎಂದುಬಿಟ್ಟರೆ ಆಯಿತು. ಹೊಲ ಹೋದ ದಿನ ನಮ್ಮಪ್ಪ ಇದನ್ನೂ ಪಣಕ್ಕಿಟ್ಟು ಸೋತು ಮಾಳಿಗೆ ಹತ್ತಿದ್ದನಂತೆ. ಹಿಂದೆಯೇ ಹತ್ತಿದ ತಾತ, ಮಗ ಬಾಯಿ ತೆರೆಯುವ ಮೊದಲೇ ಕೆಮ್ಮತೊಡಗಿದವರು ಸಾಯಂಕಾಲದವರೆಗೆ ನಿಲ್ಲಿಸಲಿಲ್ಲವಂತೆ. ಹಾಗೆ ಉಳಿದ ಆಸ್ತಿ ಇದು. ಇದರ ಬಗ್ಗೆ ನನಗೆ ಜಂಭ ಇದ್ದರೆ ಅದರಲ್ಲಿ ತಪ್ಪೇನು?

ನಮ್ಮ ಪಕ್ಕದ ಕಟ್ಟಡ ಅಡವೀಶಪ್ಪನ ಊಟದ ಮೆಸ್ಸು. ಬಾಗಿಲ ಮೇಲೆ 'ಅಡವೀಶಪ್ಪನವರ ಸ್ವಂತ ಸಾರಿನ ಪುಡಿ' ಎಂದು ಕೆಂಪಕ್ಷರದಲ್ಲಿ ಬರೆಸಿದ್ದಾನೆ. ಆ ಪುಡಿಯ ಸಾರಿಗೆ ಜನ ಪಕ್ಕದ ಊರಿನಿಂದ ಬರುತ್ತಾರೆ. ಸ್ವಂತ ಎನ್ನುವುದು ಹೇಗೆ ಎಂದರೆ, ಪುಡಿ ಹುರಿದು ಕುಟ್ಟುವವಳು ಅವನ ಸ್ವಂತ ತಂಗಿ ಹೊನ್ನಮ್ಮ. ಅವನು ಗಲ್ಲಾದ ಹತ್ತಿರ ಕೂತು ಅದು ತನ್ನ ಗುಟ್ಟಿನ ಹದ, ಯಾರಿಗೂ ಹೇಳುವುದಿಲ್ಲ ಎಂದು ಮೀಸೆ ತಿರುವುತ್ತಾನೆ. ಅಡುಗೆಮನೆಯ ಹೊಸಿಲನ್ನು ಅವನು ದಾಟಿದ್ದನ್ನು ನಾನಂತೂ ಕಂಡಿಲ್ಲ. ಅತ್ತ ಹೊನ್ನಮ್ಮ ಮಾತ್ರ ಗುಟ್ಟು ಎಂಬ ಪದವನ್ನೇ ಅರಿಯದವಳು. ಮದುವೆ ಗೊತ್ತಾದ ಹುಡುಗಿಯರೆಲ್ಲ ಅವಳ ಒಲೆ ಮುಂದೆ ಒಂದು ದಿನ ಕೂತು ಪುಡಿ ಹುರಿಯುವುದನ್ನು ಕಲಿತು ಹೋಗುವುದು ನಮ್ಮೂರ ವಾಡಿಕೆಯೇ ಆಗಿಬಿಟ್ಟಿತ್ತು. ಊರ ಹೆಣ್ಣುಮಕ್ಕಳೆಲ್ಲ ಹಾಗೆ ಅವಳ ಕೈಕೆಳಗೆ ಕಲಿತು ಗಂಡನ ಮನೆಗೆ ಹೋದರು. ಅವಳು ಮಾತ್ರ ಒಲೆ ಮುಂದೆ ಉಳಿದಳು. ಸಂಬಂಧ ಬಂದಾಗಲೆಲ್ಲ ಅಣ್ಣ, ಈ ವರ್ಷ ಬೇಡ, ಮೆಸ್ಸಿಗೆ ತೊಂದರೆ ಎನ್ನುತ್ತಿದ್ದ. ಹಾಗೆನ್ನುತ್ತ ಅವಳ ಕೂದಲು ಕಿವಿಯ ಹತ್ತಿರ ಬೆಳ್ಳಗಾಯಿತು.

ಆಗ ಬಂದವನು ತಕ್ಕಡಿ ಗುರುಬಸು. ತಕ್ಕಡಿ ರಿಪೇರಿ ಅವನ ಕಸುಬು; ಹೆಂಡತಿ ತೀರಿಕೊಂಡು ಬಹಳ ಕಾಲವಾಗಿತ್ತು. ಮೆಸ್ಸಿನ ತಕ್ಕಡಿ ಸರಿಮಾಡಲು ಬಂದವನು ಸಾರು ಕುಡಿದು, ಇದನ್ನು ಮಾಡಿದವರನ್ನು ನೋಡಬಹುದೇ ಎಂದು ಕೇಳಿದ. ಅಷ್ಟು ವರ್ಷದಲ್ಲಿ ಹಾಗೆ ಕೇಳಿದವನು ಅವನೊಬ್ಬನೇ. ಆಮೇಲೆ ಆ ತಕ್ಕಡಿ ವಾರ ವಾರ ಕೆಡತೊಡಗಿತು. ಕೆಡಿಸುತ್ತಿದ್ದವರು ಯಾರು ಎಂದು ನನಗೆ ಗೊತ್ತು. ಲೋಟ ತೊಳೆಯುವ ನೆಪದಲ್ಲಿ ಹೊನ್ನಮ್ಮ ಮುಳ್ಳನ್ನು ಬಗ್ಗಿಸುವುದನ್ನು ನಾನು ಇಡ್ಲಿ ತಿನ್ನುತ್ತ ಕಣ್ಣಾರೆ ಕಂಡಿದ್ದೆ.

ನಮ್ಮಲ್ಲಿ ಹೆಣ್ಣು ಕೇಳುವ ಕ್ರಮ ಹೀಗೆ. ಹುಣ್ಣಿಮೆಯ ಬೆಳಿಗ್ಗೆ ಗಂಡು ತನ್ನ ಮಾಳಿಗೆ ಹತ್ತಿ ಗಾಳಿ ಹಿಡಿದು ತನ್ನ ಹೆಸರು ಹೇಳಬೇಕು, ಕಸುಬು ಹೇಳಬೇಕು, ತನ್ನ ಕೆಟ್ಟ ಗುಣಗಳನ್ನು ಮುಚ್ಚಿಡದೆ ಒಪ್ಪಿಸಬೇಕು, ಏನು ಕೊಡಬಲ್ಲೆ ಎಂದು ಹೇಳಬೇಕು, ಕೊನೆಗೆ ಬರುತ್ತೀಯಾ ಎಂದು ಕೇಳಬೇಕು. ಹೆಣ್ಣು ತನ್ನ ಮಾಳಿಗೆಯಿಂದ ಹೂಂ ಅನ್ನಬೇಕು ಅಥವಾ ಊಹೂಂ ಅನ್ನಬೇಕು. ಎಲ್ಲವೂ ಊರಿಗೆ ಕೇಳಿಸಬೇಕು. ನಡುವೆ ತುಂಡಾದರೆ ಮುಂದಿನ ಹುಣ್ಣಿಮೆವರೆಗೆ ಕಾಯಬೇಕು. ಮೂರು ಸಲ ತುಂಡಾದರೆ ಆ ಸಂಬಂಧ ಬಿಟ್ಟುಹೋದಂತೆ.

ಗುರುಬಸು ಮೊದಲ ಸಲ ಜೀರಿಗೆ ಗಾಳಿ ಹಿಡಿದ. ಹೆಸರು ಹೇಳಿದ. ಕಸುಬು ಎನ್ನುವಷ್ಟರಲ್ಲಿ ಢಣಢಣ ಎಂದು ಶುರುವಾಯಿತು ನೋಡಿ, ತಾಮ್ರದ ಹಂಡೆಯನ್ನು ಸೌಟಿನಿಂದ ಬಡಿಯುವ ಸದ್ದು. ಊರಿಗೆ ಊರೇ ಕಿವಿ ಮುಚ್ಚಿಕೊಂಡಿತು. ಮೆಸ್ಸಿನ ಮಾಳಿಗೆ ಮೇಲೆ ಅಡವೀಶಪ್ಪ ಜೀರಿಗೆ ಉಗ್ರಾಣದ ಕಡೆ ಮುಖ ಮಾಡಿ ಬಡಿಯುತ್ತಿದ್ದ. ಗುರುಬಸು ಕೊತ್ತಂಬರಿ ಗಾಳಿಗೆ ತಿರುಗಿದ; ಕೇಳುವವರೂ ತಿರುಗಿದರು; ತಿರುಗುವವರೆಗೆ ಏನು ಹೇಳಿದನೋ ಯಾರಿಗೂ ಕೇಳಲಿಲ್ಲ; ಅಷ್ಟರಲ್ಲಿ ಹಂಡೆಯೂ ತಿರುಗಿತು. ನಾವು ಹೋಗಿ ಕೇಳಿದರೆ, ಊಟ ತಯಾರು ಎಂದು ಗಿರಾಕಿಗಳನ್ನು ಕರೆಯುತ್ತಿದ್ದೆ ಎಂದ. ಬೆಳಗಿನ ಏಳು ಗಂಟೆಗೆ ಊಟ! ಊರ ಹಿರಿಯರು ಸೇರಿ ತಲೆ ಕೆರೆದುಕೊಂಡರು. ಬೇರೆಯವರು ಮಾತಾಡುವಾಗ ಹಂಡೆ ಬಡಿಯಬಾರದು ಎಂಬ ಕಟ್ಟಳೆ ನಮ್ಮಲ್ಲಿರಲಿಲ್ಲ, ಯಾಕೆಂದರೆ ಅಂಥ ಕೆಲಸ ಒಬ್ಬ ಮಾಡಬಹುದು ಎಂದು ನಮ್ಮ ಹಿಂದಿನವರಿಗೆ ಹೊಳೆದೇ ಇರಲಿಲ್ಲ.

ಎರಡನೆಯ ಹುಣ್ಣಿಮೆಗೆ ನಾನು ದೊಡ್ಡಸ್ತಿಕೆ ತೋರಿಸಿದೆ. ನಮ್ಮ ಇಂಗಿನ ಗಾಳಿಯಲ್ಲಿ ಕೇಳಪ್ಪ, ಒಡೆಯ ನಾನೇ ಮಾಳಿಗೆ ಮೇಲೆ ಕಾವಲು ನಿಂತಿರುತ್ತೇನೆ, ಹಂಡೆ ಎತ್ತಲಿ ನೋಡೋಣ ಎಂದು ಗುರುಬಸುವಿಗೆ ಅಭಯ ಕೊಟ್ಟೆ. ಅವನು ಹೆಸರು ಹೇಳಿದ, ಕಸುಬು ಹೇಳಿದ, ಕೆಟ್ಟ ಗುಣಗಳಿಗೆ ಬಂದು, ನನಗೆ ಗೊರಕೆ ಉಂಟು ಎಂದ. ಹಂಡೆ ಸದ್ದಿಲ್ಲ. ನಾನು ಮನಸ್ಸಿನಲ್ಲೇ ಬೀಗಿದೆ. ಆಗ ಇಂಗಿನ ಗಾಳಿಯಲ್ಲಿ ಗೊರಗೊರ ಎಂದಿತು, ದಪ್ಪ ಕೆಮ್ಮು ಬಂತು, ಮೂಗಿನ ಎಳೆತವೂ ಬಂತು. ನನ್ನ ಕೆಮ್ಮು! ನನ್ನ ಬಾಯಿ ಮುಚ್ಚಿತ್ತು, ಆದರೂ ನನ್ನ ಕೆಮ್ಮು ಊರು ಸುತ್ತುತ್ತಿತ್ತು. ಗುರುಬಸು ಮರ್ಯಾದಸ್ಥ, ಅಲ್ಲಿಗೇ ನಿಲ್ಲಿಸಿದ. ಪಕ್ಕದ ಮಾಳಿಗೆಯಲ್ಲಿ ಅಡವೀಶಪ್ಪ ಹೆಗಲ ಮೇಲಿನ ಟವೆಲಿನಿಂದ ಬಾಯಿ ಒರೆಸಿಕೊಳ್ಳುತ್ತಿದ್ದ. ದಿನಾ ಅವನ ಮೆಸ್ಸಿನಲ್ಲಿ ಕೂತು ಸಾರಿನ ಖಾರಕ್ಕೆ ಕೆಮ್ಮಿ ಕೆಮ್ಮಿ ನಾನೇ ಅವನಿಗೆ ಪುಕ್ಕಟೆ ಪಾಠ ಹೇಳಿದ್ದೆ.

ಆಮೇಲೆ ನಾನು ಪಟ್ಟ ಪಾಡು ಯಾರಿಗೂ ಬೇಡ. ಬೀದಿಗಿಳಿದರೆ ಹೆಂಗಸರು ಮುಖ ತಿರುಗಿಸುತ್ತಿದ್ದರು. ಕೆಮ್ಮಿದ್ದು ನಾನಲ್ಲ ಎಂದು ಆಣೆ ಇಟ್ಟರೂ, ಇಡೀ ಊರಲ್ಲಿ ಆ ಮೂಗಿನ ಎಳೆತ ಇನ್ಯಾರಿಗೆ ಬರುತ್ತದೆ ಎನ್ನುತ್ತಿದ್ದರು. ಆ ಮಾತನ್ನು ಊರಿಗೆಲ್ಲ ಹೇಳಿಕೊಂಡು ತಿರುಗಿದವನು ನಾನೇ ಅಲ್ಲವೇ! ನಂಬಿದವಳು ಹೊನ್ನಮ್ಮ ಒಬ್ಬಳೇ. ಹಿತ್ತಲ ಗೋಡೆಯ ಹತ್ತಿರ ನಿಂತು, ಇಂಗು ತಿಂದ ಮಂಗನ ಹಾಗಿದ್ದ ನನ್ನ ಮುಖ ನೋಡಿ ನಕ್ಕಳು. ಆಮೇಲೆ ನಗು ನಿಲ್ಲಿಸಿದಳು.

"ಪರಮೇಶಣ್ಣ, ನನಗೆ ಇನ್ನೊಂದು ಮನೆ ಒಲೆ ಬೇಕು ಅಂತಲ್ಲ. ಓಡಿಹೋಗು ಅಂದ್ರೆ ಇವತ್ತೇ ಹೋಗ್ತೀನಿ, ತಡೆಯೋರು ಯಾರು? ಆದ್ರೆ ಊರಲ್ಲಿ ಎಲ್ಲಾ ಹುಡುಗೀರನ್ನೂ ಕೇಳಿದಾರೆ. ನನ್ನನ್ನೂ ಒಬ್ರು ಕೇಳ್ಬೇಕು, ನಾನು ಹೂಂ ಅನ್ಬೇಕು, ಅದು ಎಲ್ಲರಿಗೂ ಕೇಳಿಸ್ಬೇಕು. ಅಷ್ಟೇ ನನ್ನಾಸೆ."

ನನಗೆ ಅಸಲಿ ಕೆಮ್ಮೇ ಬಂದುಬಿಟ್ಟಿತು. ಉಳಿದದ್ದು ಒಂದೇ ಹುಣ್ಣಿಮೆ. ಒಂದೇ ಗಾಳಿಯಲ್ಲಿ ನಿಂತರೆ ಹಂಡೆ ಬಂದು ಹಿಡಿಯುತ್ತದೆ. ಸುಮ್ಮನೆ ಗಾಳಿ ಬದಲಿಸಿದರೆ ಕೇಳುವವರು ಹುಡುಕುತ್ತ ಹಿಂದೆ ಬೀಳುತ್ತಾರೆ. ಮಾತಾಡುವವನೂ ಕೇಳುವವರೂ ಒಟ್ಟಿಗೆ ತಿರುಗಬೇಕು, ಬಡಿಯುವವನಿಗೆ ಮಾತ್ರ ಯಾವ ಕಡೆ ಎಂದು ತಿಳಿಯಬಾರದು. ಹಾಗಾಗಬೇಕಾದರೆ ತಿರುಗುವ ಸರದಿ ಊರಿಗೆಲ್ಲ ಗೊತ್ತಿದ್ದು ಅಡವೀಶಪ್ಪನೊಬ್ಬನಿಗೆ ಗೊತ್ತಿರಬಾರದು. ಅಂಥದ್ದೊಂದು ಸಂಗತಿ ಎಲ್ಲಿಂದ ತರೋಣ ಎಂದೆ. ಹೊನ್ನಮ್ಮ ಕೈಗೆ ಮೆತ್ತಿದ್ದ ಪುಡಿಯನ್ನು ಸೆರಗಿಗೆ ಒರೆಸಿಕೊಳ್ಳುತ್ತ, ಪುಡಿ ಹುರಿಯುವ ಸರದಿ ಆಗುತ್ತದಲ್ಲ ಎಂದಳು.

ನಾನು ಅಲ್ಲಿಯೇ ಕಲ್ಲಿನ ಮೇಲೆ ಕೂತುಬಿಟ್ಟೆ. ಮೆಂತ್ಯ ಕೆಂಪಾಗಲು ಹೊತ್ತು ಬೇಕು, ಅದಕ್ಕೇ ಅದು ಮೊದಲು. ಆಮೇಲೆ ಕಾಳುಮೆಣಸು, ಆಮೇಲೆ ಜೀರಿಗೆ, ಕೊತ್ತಂಬರಿ. ಮೆಣಸಿನಕಾಯಿ ಬೇಗ ಸೀಯುತ್ತದೆ, ಅದಕ್ಕೇ ತಡವಾಗಿ. ಬಾಣಲೆ ಇಳಿಸಿದ ಮೇಲೆ ಆ ಬಿಸಿಗೇ ಇಂಗು. ಊರಿನ ಯಾವ ಹೆಂಗಸನ್ನು ನಿದ್ದೆಯಿಂದ ಎಬ್ಬಿಸಿ ಕೇಳಿದರೂ ಹೇಳುತ್ತಾಳೆ. ಹೆಸರಿಗೆ ಮೆಂತ್ಯದ ಗಾಳಿ, ಕಸುಬಿಗೆ ಕಾಳುಮೆಣಸು, ಹೀಗೆ ಒಂದೊಂದು ಸಂಗತಿ ಮುಗಿದಂತೆ ಒಂದೊಂದು ಗಾಳಿ. ಬರುತ್ತೀಯಾ ಎನ್ನುವುದು ಮೆಣಸಿನಕಾಯಿಯಲ್ಲಿ, ಹೂಂ ಎನ್ನುವುದು ಇಂಗಿನಲ್ಲಿ. ಇಂಗನ್ನು ಮಾತ್ರ ಬಿಡಮ್ಮ, ಅಲ್ಲಿ ನನ್ನ ಕೆಮ್ಮಿನ ಕಳ್ಳನಿದ್ದಾನೆ ಎಂದೆ. ಇಂಗಿಲ್ಲದ ಪುಡಿ ಎಲ್ಲಾದರೂ ಉಂಟೇ ಎಂದು ನನ್ನನ್ನೇ ಗದರಿಸಿದಳು.

ಸುದ್ದಿ ಗಾಳಿಯಲ್ಲಿ ಹೋಗಲಿಲ್ಲ, ಕೈಯಲ್ಲಿ ಹೋಯಿತು. ಸಾಲ ತಂದ ಸಕ್ಕರೆ ಹಿಂತಿರುಗಿಸುವ ನೆಪದಲ್ಲಿ, ಹೂ ಕೊಡುವ ನೆಪದಲ್ಲಿ ಹೆಂಗಸರು ಮನೆಯಿಂದ ಮನೆಗೆ ದಾಟಿಸಿದರು. ಹುರಿದ ಹಾಗೆ ತಿರುಗಿ, ಇಷ್ಟೇ ಮಾತು. ಗಂಡಸರಿಗೆ ಸರದಿ ಬಾಯಿಪಾಠವಾಗುವವರೆಗೆ ಕೆಲವು ಮನೆಗಳಲ್ಲಿ ತಿಂಡಿ ಕೊಡಲಿಲ್ಲವೆಂದು ಕೇಳಿದ್ದೇನೆ. ಇದೆಲ್ಲ ಸರಿಯಾಗಿ ನಡೆಯುತ್ತಿರುವಾಗ ಹೊನ್ನಮ್ಮ ಇನ್ನೊಂದು ಮಾತು ಹೇಳಿ ನನ್ನ ಎದೆ ಝಲ್ಲೆನಿಸಿದಳು. ಈ ಸರದಿ ಪುಡಿಯದ್ದು ಎಂಬುದನ್ನು ಅಣ್ಣನ ಕಿವಿಗೆ ಹಾಕಿಬಿಡಿ ಎಂದಳು. ಹುಚ್ಚು ಹಿಡಿದಿದೆಯೇನೇ ಎಂದೆ. ಕಣ್ಣು ಮಿಟುಕಿಸಿ ಒಳಗೆ ಹೋದಳು.

ಮರುದಿನ ಮೆಸ್ಸಿನಲ್ಲಿ ಸಾರು ಕುಡಿಯುತ್ತ ನಾನು ಬಾಯಿ ಜಾರಿದವನ ಹಾಗೆ ಆ ಮಾತು ಬಿಟ್ಟೆ. ಅಡವೀಶಪ್ಪನ ಮುಖ ಅರಳಿತು ನೋಡಿ, ಪಾಪ, ಹಬ್ಬದ ದಿನದ ಮಗುವಿನ ಹಾಗೆ. ನನ್ನ ಪುಡಿಯ ಸರದಿಯಲ್ಲಿ ನನ್ನನ್ನೇ ಏಮಾರಿಸುತ್ತಾರಂತೆ ಎಂದು ತೊಡೆ ತಟ್ಟಿಕೊಂಡು ನಕ್ಕ. ಇನ್ನೊಂದು ಹಪ್ಪಳವನ್ನೂ ಹಾಕಿಸಿದ. ನಗು ನಿಂತ ಮೇಲೆ ಅವನ ಕಣ್ಣು ಒಂದು ಗಳಿಗೆ ಅಡುಗೆಮನೆಯ ಬಾಗಿಲ ಕಡೆ ಹೋಯಿತು. ಯಾರನ್ನಾದರೂ ಕೇಳೋಣವೆಂದರೆ ಹೇಗೆ ಕೇಳುತ್ತಾನೆ? ಬೋರ್ಡಿನಲ್ಲಿ ಸ್ವಂತ ಎಂದು ಬರೆಸಿದವನು, ಮೊದಲು ಏನು ಹಾಕಬೇಕ್ರೀ ಎಂದು ಯಾವ ಬಾಯಿಂದ ಕೇಳುತ್ತಾನೆ? ಪುಡಿ ಕೆಂಪಗಿದೆ. ಹಾಗಾದರೆ ಮೆಣಸಿನಕಾಯಿಯೇ ಮೊದಲು ಎಂದು ಅವನಿಗೆ ಅವನೇ ತೀರ್ಮಾನ ಕೊಟ್ಟುಕೊಂಡನೆಂದು ಕಾಣುತ್ತದೆ.

ಹುಣ್ಣಿಮೆಯ ಬೆಳಿಗ್ಗೆ ಊರಿನ ಮಾಳಿಗೆಗಳೆಲ್ಲ ತುಂಬಿದವು. ಮೆಸ್ಸಿನ ಮಾಳಿಗೆಯಲ್ಲಿ ಅಡವೀಶಪ್ಪ ಮೆಣಸಿನಕಾಯಿ ಉಗ್ರಾಣಕ್ಕೆ ಎದುರಾಗಿ ಸೌಟು ಎತ್ತಿ ನಿಂತಿದ್ದ. ನಮ್ಮ ಮನೆಯ ಇನ್ನೊಂದು ಪಕ್ಕದಲ್ಲಿ ಅವರ ವಾಸದ ಮನೆ. ಅದರ ಮಾಳಿಗೆ ಮೇಲೆ ಹೊನ್ನಮ್ಮ ಹಸಿರು ಸೀರೆಯುಟ್ಟು ನಿಂತಿದ್ದಳು. ಅಣ್ಣ ಅವಳ ಮೇಲೆ ಕೈ ಮಾಡುವವನಲ್ಲ, ಕೂಡಿಹಾಕುವವನೂ ಅಲ್ಲ. ಅಡ್ಡಗಾಲು ಹಾಕುವುದು ಅವನ ಜಾಯಮಾನ. ನಾನು ಇಬ್ಬರ ನಡುವೆ, ಅರ್ಧ ಮನೆಯ ಅರ್ಧ ಮಾಳಿಗೆಯ ಮೇಲೆ. ಊರೆಲ್ಲ ಮೆಂತ್ಯದ ಕಡೆ ಮುಖ ಮಾಡಿತು.

ಗುರುಬಸು ಹೆಸರು ಹೇಳಿದ. ನೀರಿನಷ್ಟು ತಿಳಿಯಾಗಿ ಕೇಳಿಸಿತು. ಪಕ್ಕದಲ್ಲಿ ಹಂಡೆ ಖಾಲಿ ಮೆಣಸಿನಕಾಯಿ ಗಾಳಿಗೆ ಢಣಢಣ ಬಾರಿಸುತ್ತಿತ್ತು. ಅದು ಕೇಳಿದ್ದು ಅವನಿಗೆ, ಸ್ವಲ್ಪ ಪಕ್ಕದ ನನಗೆ, ಅಷ್ಟೆ. ನಾವು ಕಾಳುಮೆಣಸಿಗೆ ತಿರುಗಿದೆವು. ಅವನು ಏನೋ ಅನುಮಾನ ಬಂದು ಕೊತ್ತಂಬರಿಗೆ ತಿರುಗಿದ. ನಾವು ಜೀರಿಗೆಗೆ ತಿರುಗಿ ಗೊರಕೆ, ಮುಂಗೋಪ, ಹಾಲಿಲ್ಲದೆ ಕಾಫಿ ಕುಡಿಯುವ ಚಟ ಎಲ್ಲವನ್ನೂ ಕೇಳಿದೆವು. ಅವನು ಮೆಂತ್ಯವನ್ನು ಬಡಿಯುತ್ತಿದ್ದ. ಕೊನೆಗೆ ನಮ್ಮ ಮುಖ ಯಾವ ಕಡೆ ಎಂದು ನೋಡಿಕೊಂಡು ಜೀರಿಗೆಗೆ ಬಂದ, ಅಷ್ಟರಲ್ಲಿ ನಾವು ಕೊತ್ತಂಬರಿಯಲ್ಲಿದ್ದೆವು. ಸೌಟು, ಹಂಡೆ, ಹೊಟ್ಟೆ ಎಲ್ಲವನ್ನೂ ಹೊತ್ತುಕೊಂಡು ಆ ಮನುಷ್ಯ ಗಾಣದ ಎತ್ತಿನಂತೆ ಸುತ್ತುತ್ತಿದ್ದ. ನನಗೆ ನಗು ತಡೆಯಲಾಗದೆ ಕೆಮ್ಮು ಬರುವಂತಾಯಿತು. ಟವೆಲು ಬಾಯಿಗೆ ತುರುಕಿಕೊಂಡೆ. ಕೊಡಲಿಕ್ಕೆ ನನ್ನಲ್ಲಿ ಹೆಚ್ಚೇನಿಲ್ಲ, ನನ್ನ ತಕ್ಕಡಿಯಲ್ಲಿ ನಿನ್ನ ಕಡೆಯ ತಟ್ಟೆ ಯಾವತ್ತೂ ಮೇಲೆ ಏಳದಂತೆ ನೋಡಿಕೊಳ್ಳುತ್ತೇನೆ ಎಂದ ಗುರುಬಸು. ಮೆಣಸಿನಕಾಯಿಗೆ ತಿರುಗಿ, ಬರುತ್ತೀಯಾ ಹೊನ್ನಮ್ಮ ಎಂದು ಕೇಳಿದ. ಅಲ್ಲಿ ಹಂಡೆ ಇರಲಿಲ್ಲ, ಆ ಗಾಳಿಯನ್ನು ಮೊದಲೇ ಬಡಿದು ಸುಸ್ತಾಗಿ ಬಿಟ್ಟುಹೋಗಿತ್ತು.

ಊರು ಇಂಗಿಗೆ ತಿರುಗಿತು. ಹೊನ್ನಮ್ಮ ಉಸಿರು ಎಳೆದುಕೊಂಡಳು. ಆಗಲೇ ಹಂಡೆ ದಡಾರನೆ ಕೆಳಗೆ ಬಿದ್ದ ಸದ್ದು ನನಗೆ ಕೇಳಿಸಿತು. ಪುಡಿಯ ಬಗ್ಗೆ ಅಡವೀಶಪ್ಪನಿಗೆ ಗೊತ್ತಿದ್ದದ್ದು ಒಂದೇ, ಇಂಗು ಕೊನೆಗೆ ಎಂಬುದು. ಗಲ್ಲಾದವರೆಗೆ ಬರುವ ವಾಸನೆ ಅದೊಂದೇ. ಗೊರಗೊರ, ದಪ್ಪ ಕೆಮ್ಮು, ಮೂಗಿನ ಎಳೆತ. ಜೀವಮಾನದ ಅಭ್ಯಾಸ ನೋಡಿ, ಹೊನ್ನಮ್ಮನ ತೆರೆದ ಬಾಯಿ ತಾನಾಗಿ ಮುಚ್ಚಿಕೊಂಡಿತು. ಅವಳು ನನ್ನ ಕಡೆ ನೋಡಿದಳು. ಊರೂ ನನ್ನ ಕಡೆ ನೋಡಿತು.

ಕೆಮ್ಮಿದ್ದು ನಾನಲ್ಲ ಎಂದರೆ ಯಾರು ನಂಬುತ್ತಾರೆ? ಹೋದ ಸಲವೇ ನಂಬಲಿಲ್ಲ. ನಾನೂ ಕೆಮ್ಮಿ ತೋರಿಸಿದರೆ ಎರಡು ಕೆಮ್ಮಾಗುತ್ತದೆ, ಅಷ್ಟೆ. ಮಾತಾಡಮ್ಮ ಎಂದು ಬೇಡಿಕೊಂಡರೂ ಅವಳು ಮಾತಾಡುವಂತಿಲ್ಲ. ಒಡೆಯನ ಕೆಮ್ಮು ಬಿದ್ದ ಗಾಳಿಯಲ್ಲಿ ಮಾತಾಡಬಹುದಾದವರು ಒಡೆಯರು ಮಾತ್ರ. ಆ ಕಡೆ ಅಡವೀಶಪ್ಪ ನನ್ನ ಮೂಗಿನ ಎಳೆತವನ್ನು ಮುಗಿಸಿ ನೆಮ್ಮದಿಯಾಗಿ ನಿಂತಿದ್ದ. ನನಗೆ ಮೈಯೆಲ್ಲ ಉರಿಯಿತು. ತಾತ ನೆನಪಾದರು, ಸಾಯಂಕಾಲದವರೆಗೆ ಕೆಮ್ಮಿ ಉಳಿಸಿಕೊಟ್ಟದ್ದು ಇಂಥವನ ಮೂಗಿನಲ್ಲಿ ಹೊರಳಾಡಲಿ ಎಂದೇ? ಕ್ಷಮಿಸಿ ತಾತ ಎಂದುಕೊಂಡು ಇಂಗಿನ ಉಗ್ರಾಣದ ಕಡೆ ನೆಟ್ಟಗೆ ನಿಂತೆ.

"ನಾನು ಇಂಗಿನ ಮನೆ ಪರಮೇಶಪ್ಪ ಮಾತಾಡ್ತಿರೋದು. ದನಿ ನನ್ನದೇ ತಾನೆ, ಸರಿಯಾಗಿ ಕೇಳ್ಕೊಳ್ಳಿ. ಹೊನ್ನಮ್ಮಂಗೆ ನಾನು ಅಣ್ಣನ ಲೆಕ್ಕ. ಮದುವೆ ಉಡುಗೊರೆ ಅಂತ ಕೊಡೋದಕ್ಕೆ ನನ್ ಹತ್ರ ಬೇರೆ ಏನೂ ಇಲ್ಲ. ಈ ಗಾಳಿ ಇನ್ನು ಅವಳದ್ದು. ಇನ್ಮೇಲೆ ಆ ಹಳೇ ಕೆಮ್ಮು ಯಾರ ಬಾಯಿಂದ ಬಂದ್ರೂ ಅದು ಬರೀ ನೆಗಡಿ."

ಹೇಳಿಬಿಟ್ಟೆನಲ್ಲ ಎಂದು ಆಗಲೇ ಪಶ್ಚಾತ್ತಾಪವೂ ಆಯಿತು, ಸುಳ್ಳು ಯಾಕೆ ಹೇಳಲಿ. ಅಡವೀಶಪ್ಪ ಇನ್ನೊಮ್ಮೆ ಗೊರಗೊರ ಎಂದ. ಒಬ್ಬನೂ ಕದಲಲಿಲ್ಲ. ಆಗ ಹೊನ್ನಮ್ಮ ಸೆರಗನ್ನು ಬಾಯಿಗೆ ಒತ್ತಿ ಹಿಡಿದು, ಆಮೇಲೆ ತೆಗೆದು, ಮೆಣಸಿನಕಾಯಿ ಘಾಟಿಗೆ ಕೆಮ್ಮುತ್ತಾರಲ್ಲ, ಹಾಗೆ ಸಣ್ಣಗೆ ಕೆಮ್ಮಿದಳು. ಇಂಗಿನ ಗಾಳಿ ಪೂರ್ತಿ ಖಾಲಿಯಾಯಿತು. ಅವಳ ಅಣ್ಣನ ಬಾಯಿ ಕೂಡ ಮುಚ್ಚಿಕೊಂಡಿತು. ಅದೂ ಜೀವಮಾನದ ಅಭ್ಯಾಸವೇ.

ಅವಳು ಅವಸರ ಮಾಡಲಿಲ್ಲ. ಊರನ್ನೆಲ್ಲ ಒಮ್ಮೆ ನೋಡಿದಳು. ತನ್ನ ಒಲೆ ಮುಂದೆ ಕೂತು ಕಲಿತು ಹೋದವರು ಮಾಳಿಗೆ ಮಾಳಿಗೆಯಲ್ಲಿ ಮಕ್ಕಳನ್ನು ಎತ್ತಿಕೊಂಡು ನಿಂತಿದ್ದರು. ಆಮೇಲೆ ಹೂಂ ಎಂದಳು. ಎಂಥ ಹೂಂ ಅದು! ನನ್ನ ಕಣ್ಣಲ್ಲಿ ನೀರು ಬಂತು. ಇಂಗಿನ ಘಾಟು ಎಂದು ನಮ್ಮ ಮಾಳಿಗೆ ಹತ್ತಿ ನಿಂತಿದ್ದವರಿಗೆ ಹೇಳಿದೆ. ಉಗ್ರಾಣ ಖಾಲಿಯಾಗಿ ಎಷ್ಟು ಕಾಲವಾಯಿತು ಎಂದು ಅವರು ಕೇಳಲಿಲ್ಲ.

ಈಗ ನಾನು ಎಲ್ಲರಂತೆ ಮಾಳಿಗೆ ಹತ್ತಿ, ಕಿವಿಗೊಟ್ಟು, ಖಾಲಿ ಇದೆಯೋ ನೋಡಿಕೊಂಡು ಮಾತಾಡುತ್ತೇನೆ. ಅವಳಿಗೆ ಕೊಬ್ಬು ನೋಡಿ. ನಾನು ಬಾಯಿ ತೆರೆದೆನೆಂದರೆ ಸಾಕು, ಗುರುಬಸುವಿನ ಮಾಳಿಗೆಯಿಂದ ಕೆಮ್ಮುತ್ತಾಳೆ. ಕೆಮ್ಮಿ ಏನೂ ಹೇಳುವುದಿಲ್ಲ, ಕಾಫಿ ಕುಡಿಯಲು ಕೆಳಗಿಳಿಯುತ್ತಾಳೆ. ಮೆಸ್ಸು ಬಾಗಿಲು ಹಾಕಿ ಕೆಲವು ದಿನವಾಗಿತ್ತು. ಒಂದು ಬೆಳಿಗ್ಗೆ ಅಡವೀಶಪ್ಪ ಕೈಯಲ್ಲಿ ಏನೂ ಇಲ್ಲದೆ ಮಾಳಿಗೆ ಹತ್ತಿ, ಇಂಗಿನ ಕಡೆ ಮುಖ ಮಾಡಿ, ಯಾರೋ ಹಾಲಿನವನ ಜೊತೆ ಜಗಳ ಆಡಿ ಮುಗಿಸುವವರೆಗೂ ತಾಳ್ಮೆಯಿಂದ ಕಾದದ್ದನ್ನು ನಾನು ಕಂಡೆ. ಸುದ್ದಿ ಹೇಗೆ ಹರಡಿತೋ, ನೋಡನೋಡುತ್ತಿದ್ದಂತೆ ಊರೆಲ್ಲ ಇಂಗಿನ ಕಡೆ ತಿರುಗಿ ನಿಂತಿತ್ತು. ಅವನ ದನಿ ಸಣ್ಣಗಿತ್ತು. ಹೊನ್ನೀ, ಮೆಂತ್ಯ ಮೊದಲೋ ಮೆಣಸಿನಕಾಯಿ ಮೊದಲೋ, ಹೇಳವ್ವ ಎಂದ.

ಹೊನ್ನಮ್ಮ ಕೆಮ್ಮಿದಳು. ನಾವೆಲ್ಲ ಬಾಯಿ ಮುಚ್ಚಿ ಕಾದೆವು.

"ಮೊದ್ಲು ಅಡುಗೆಮನೆ ಒಳಗೆ ಹೋಗಿ ಒಲೆ ಹಚ್ಚಣ್ಣ," ಎಂದಳು.